ಕರಾವಳಿಯ ಮಹಿಳೆಯರು ಮತ್ತು ಗರ್ಭಕಂಠದ ಕ್ಯಾನ್ಸರ್

ಗರ್ಭಕಂಠ, ಗರ್ಭಕೋಶ, ಅಂಡಾಶಯ, ಯೋನಿ, ಯೋನಿದ್ವಾರಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಭಾರತದಲ್ಲಿ ಹೆಚ್ಚು ಕಾಣಿಸುವುದು ಗರ್ಭಕಂಠದ್ದು. 2022ರ ಜಾಗತಿಕ ಅಂದಾಜಿನಂತೆ ಆ ವರ್ಷ ದೇಶದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ತಗುಲಿತು. ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡರು.

ಇದಕ್ಕೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ಅದರ 16 ಮತ್ತು 18ನೇ ಬಗೆಗಳೇ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಮೂಲ. ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಹೀಗಾಗಿ ತಡೆಯಲು ಸಾಕಷ್ಟು ಕಾಲಾವಕಾಶವಿದೆ. ಈ ವೈರಸ್ ತಡೆಯುವ ಲಸಿಕೆ 9ರಿಂದ 14 ವರ್ಷದ ಹುಡುಗಿಯರಿಗೆ ಹೆಚ್ಚು ಫಲಕಾರಿ. 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಈ ತಪಾಸಣೆಯಲ್ಲಿ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿದರೆ, ದೋಷವಿರುವ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಇದನ್ನು ತರಬೇತಿ ಪಡೆದ ನರ್ಸ್ ಕೂಡ ಮಾಡಬಲ್ಲರು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಪಾಸಣೆ ಮಾಡಿಸಿಕೊಂಡಿದ್ದ 30–49 ವಯಸ್ಸಿನ ಮಹಿಳೆಯರು ದೇಶದಲ್ಲಿ ಶೇ 1.9 ಮಾತ್ರ.

ಅಂಡಾಶಯದ ಕ್ಯಾನ್ಸರ್‌ಗೆ ಇಂಥ ಸುಲಭ ತಪಾಸಣೆಯಿಲ್ಲ. ಹಾಗಾಗಿ ಈ ಅಂಗಗಳ ಕ್ಯಾನ್ಸರ್‌ನ ಸೂಚನೆಯಾಗಬಹುದಾದ ಲಕ್ಷಣಗಳು, ಅಂದರೆ ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಸಂಭೋಗದ ನಂತರ ರಕ್ತಸ್ರಾವ, ವಾಸನೆಯ ಬಿಳಿಸೆರಗು, ವಾರಗಟ್ಟಲೆ ಹೊಟ್ಟೆ ಉಬ್ಬರ ಇದ್ದರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಈ ತಿಳಿವಳಿಕೆ ಕನ್ನಡದ ಜೊತೆಗೆ ಕೊಂಕಣಿ, ನವಾಯತಿ ಮಾತಾಡುವ ಮನೆಗಳನ್ನೂ ಮುಟ್ಟಬೇಕು.

ಈ ತಾಲ್ಲೂಕುಗಳ ರೋಗಿಗಳಿಗೆ ದೂರವೇ ದೊಡ್ಡ ತೊಡಕು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗಬೇಕಾಗುತ್ತದೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ, ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ 2022ರ ಜುಲೈನಲ್ಲಿ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾದ ಮೇಲೆ ತೀವ್ರವಾಯಿತು. ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವುದರಿಂದ ಊಟ, ವಸತಿ, ಜೊತೆಗಿರುವವರ ದಿನಗೂಲಿ ನಷ್ಟವೂ ಸೇರಿ ಖರ್ಚು ಬೆಳೆಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ವೈದ್ಯರ ಪ್ರಮಾಣಪತ್ರವಿದ್ದರೆ ರೈಲು ಟಿಕೆಟ್‌ನಲ್ಲಿ ರೋಗಿಗೂ ಜೊತೆಗಾರರಿಗೂ ರಿಯಾಯಿತಿಯುಂಟು.

ಗುಣವಾದವರಿಗೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಪರೀಕ್ಷೆ ಅಗತ್ಯ. ಕಾಲುಬಾವು, ಮೂತ್ರದ ತೊಂದರೆ, ಅಕಾಲ ಮುಟ್ಟು ನಿಲ್ಲುವಿಕೆ, ದಾಂಪತ್ಯದಲ್ಲಿ ನೋವು ಉಳಿಯಬಹುದು, ಇವಕ್ಕೂ ಚಿಕಿತ್ಸೆಯಿದೆ. ಕ್ಯಾನ್ಸರ್ ಅಂಟುರೋಗವಲ್ಲ. ಮನೆಯವರು ತಟ್ಟೆ, ಹಾಸಿಗೆ ಬೇರೆ ಮಾಡದೆ, ಪರೀಕ್ಷೆಯ ದಿನ ಜೊತೆಗೆ ಹೋಗಿ, ಹಳೆಯ ಕೆಲಸಕ್ಕೆ ಮರಳಲು ನೆರವಾದರೆ ಚೇತರಿಕೆ ಸುಲಭವಾಗುತ್ತದೆ.