ಬಡಿಗನ ಚೀಲವೂ ಗಣಕದ ಕಿಡಕಿಯೂ

ಇಂದಿನ ಯುಗವು ಗಣಕಯಂತ್ರದ ಯುಗವೆಂದು ಎಲ್ಲರೂ ಹೇಳುತ್ತಾರೆ. ಬ್ಯಾಂಕು, ಅಂಚೆ ಕಚೇರಿ, ಸಕ್ಕರೆ ಕಾರಖಾನೆ ಎಲ್ಲೆಡೆಯೂ ಗಣಕವು ಬಂದು ಕುಳಿತಿದೆ. ಅದರ ಪರದೆಯ ಮೇಲಿನ ಚೌಕಟ್ಟುಗಳನ್ನೂ ಗುಂಡಿಗಳನ್ನೂ ನಾವು ದಿನವೂ ನೋಡುತ್ತೇವೆ. ಆದರೆ ಕಾಣುವ ಕೆಲಸದ ಹಿಂದೆ ಕಾಣದ ಕೆಲಸವೊಂದು ನಡೆದಿರುತ್ತದೆ. ಈ ಎರಡು ಕೆಲಸಗಳಿಗೂ ಬೇರೆ ಬೇರೆ ಲೈಬ್ರರಿಗಳಿವೆ. ಅವುಗಳ ಭೇದವನ್ನು ನಾವು ಪುಸ್ತಕಕ್ಕಿಂತ ಮೊದಲು ನಮ್ಮ ತಪ್ಪಿನಿಂದಲೇ ಕಲಿತೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಮೊದಲು ಲೈಬ್ರರಿ ಎಂದರೇನು ಎಂಬುದನ್ನು ನೋಡೋಣ. ಇದು ಪುಸ್ತಕಗಳ ಕೋಣೆಯಲ್ಲ. ಗಣಕಕ್ಕೆ ಕೆಲಸ ಹೇಳಿ ಬರೆದ ಆಜ್ಞೆಗಳ ಸರಣಿಗೆ ಪ್ರೋಗ್ರಾಮ್ ಎನ್ನುತ್ತಾರೆ. ಪ್ರತಿಯೊಬ್ಬರೂ ಪ್ರತಿಯೊಂದು ಆಜ್ಞೆಯನ್ನು ಮೊದಲಿನಿಂದ ಬರೆಯಬೇಕಾಗಿಲ್ಲ. ತಿಳಿದವರು ಬರೆದು ಪರೀಕ್ಷಿಸಿಟ್ಟ ತುಣುಕುಗಳ ಸಂಗ್ರಹವೇ ಲೈಬ್ರರಿ. ಬೇಕಾದಾಗ ಅದರೊಳಗಿನ ತುಣುಕನ್ನು ಹೆಸರು ಹಿಡಿದು ಕರೆದರೆ ಸಾಕು.

ಬಡಿಗನ ಚೀಲವನ್ನು ನೆನೆಯಿರಿ. ಅದರಲ್ಲಿ ಗರಗಸ, ಉಳಿ, ಸುತ್ತಿಗೆ, ಅಳತೆಪಟ್ಟಿ ಇರುತ್ತವೆ. ಬಾಗಿಲು ಮಾಡಲಿ, ಬಂಡಿ ಮಾಡಲಿ, ತೊಟ್ಟಿಲು ಮಾಡಲಿ, ಅವೇ ಉಪಕರಣಗಳು ಬರುತ್ತವೆ. ಯುಟಿಲಿಟಿ ಲೈಬ್ರರಿ ಎಂಬುದು ಇಂತಹ ಚೀಲ. ದಿನಾಂಕ ಎಣಿಸುವುದು, ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವುದು, ಕಡತ ಓದುವುದು ಇವೆಲ್ಲ ಅದರ ಕೆಲಸ. ಮನೆಯ ಕಿಡಕಿಯ ಮಾತು ಬೇರೆ. ಗೋಡೆ ಮಣ್ಣಿನದೋ, ಕಲ್ಲಿನದೋ, ಇಟ್ಟಂಗಿಯದೋ ಎಂಬುದನ್ನು ನೋಡಿಯೇ ಅದನ್ನು ಕೂಡಿಸಬೇಕು. ಪರದೆಯ ಮೇಲೆ ಚೌಕಟ್ಟನ್ನು ತೆರೆದು, ಮೌಸಿನ ಒತ್ತುವಿಕೆಯನ್ನೂ ಕೀಲಿಮಣೆಯ ಹೊಡೆತವನ್ನೂ ಗಮನಿಸುವ ವಿಂಡೋಯಿಂಗ್ ಲೈಬ್ರರಿಯು ಈ ಕಿಡಕಿಯಂತೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಇವು ಗೋಡೆಗಳು.

ಇನ್ನು ನಮ್ಮ ತಪ್ಪಿನ ಕಥೆ. ನಮ್ಮ ಕುರುಂದವಾಡವು ಕೃಷ್ಣಾ-ಪಂಚಗಂಗಾ ಸಂಗಮದ ಮಗ್ಗುಲಿನ ಊರು. 2019ರ ಆಗಸ್ಟಿನ ಮಹಾಪೂರವನ್ನು ಇಲ್ಲಿ ಯಾರೂ ಮರೆತಿಲ್ಲ. 2021ರ ಜುಲೈಯಲ್ಲಿ ಮತ್ತೆ ಪೂರ ಬಂದಿತು. ಮಳೆಗಾಲ ಬಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, ಕೊಲ್ಲಾಪುರದ ರಾಜಾರಾಮ ಬಂಧಾರೆಯ ಹತ್ತಿರ ಪಂಚಗಂಗೆಯ ನೀರು ಎಷ್ಟು ಅಡಿ ಇದೆ ಎಂಬುದು. ಅಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಆದ್ದರಿಂದ ಹತ್ತನೆಯ ಇಯತ್ತೆಯ ನಾವು ಮೂವರು ಕೂಡಿ, ಪೈಥಾನ್ ಎಂಬ ಗಣಕಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದೆವು. ಪ್ರಕಟವಾದ ಮಟ್ಟವನ್ನು ಬರೆದು ಗುಂಡಿ ಒತ್ತಿದರೆ ಹಸಿರು, ಹಳದಿ ಇಲ್ಲವೆ ಕೆಂಪು ಬಣ್ಣ ಬರುತ್ತಿತ್ತು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಒಂದು ಬಾಣದ ಗುರುತು ತೋರಿಸುತ್ತಿತ್ತು. ನೋಡಿದವರು ಹೊಗಳಿದರು, ನಾವು ಉಬ್ಬಿದೆವು.

ಒಂದು ದಿನ ಮಟ್ಟವು 41 ಅಡಿ 9 ಇಂಚಿನಿಂದ 41 ಅಡಿ 10 ಇಂಚಿಗೆ ಏರಿತು. ನಮ್ಮ ಪ್ರೋಗ್ರಾಮ್ ಮಾತ್ರ ನೀರು ಇಳಿಯುತ್ತಿದೆ ಎಂದು ಬಾಣವನ್ನು ಕೆಳಗೆ ತಿರುಗಿಸಿತು! ಕಾರಣವಿಷ್ಟೆ. ನಾವು ಅಡಿ-ಇಂಚುಗಳನ್ನು 41.9, 41.10 ಎಂದು ದಶಾಂಶದಂತೆ ಬರೆದಿದ್ದೆವು. ದಶಾಂಶದಲ್ಲಿ 41.10 ಎಂದರೆ 41.1. ಅದು 41.9ಕ್ಕಿಂತ ಚಿಕ್ಕದು. ಗಣಕವು ನಾವು ಹೇಳಿದ್ದನ್ನೇ ಮಾಡಿತ್ತು. ಲೆಕ್ಕವನ್ನು ನಾವು ಗುಂಡಿಯ ಆಜ್ಞೆಯಲ್ಲಿ ಒಮ್ಮೆ, ಬಾಣದ ಆಜ್ಞೆಯಲ್ಲಿ ಒಮ್ಮೆ, ಕಡತಕ್ಕೆ ಬರೆಯುವಲ್ಲಿ ಒಮ್ಮೆ, ಹೀಗೆ ಮೂರು ಕಡೆ ಬರೆದಿದ್ದೆವು. ಒಂದು ಕಡೆ ತಿದ್ದಿ ಉಳಿದೆರಡನ್ನು ಮರೆತೆವು. ಆಗ ಪರದೆಯ ಮೇಲಿನ ಮಾತು ಏರುತ್ತಿದೆ ಎಂದರೆ ಬಾಣವು ಇಳಿಯುತ್ತಿದೆ ಎನ್ನುತ್ತಿತ್ತು.

ಎರಡನೆಯ ಪೇಚು ಇನ್ನೂ ದೊಡ್ಡದು. ನೀರು ಏರಿದರೆ ಶಾಲೆಯ ಕೆಳಗಿನ ಕೋಣೆಯ ಪುಸ್ತಕಗಳನ್ನೂ ದಾಖಲೆಗಳನ್ನೂ ಮಾಳಿಗೆಗೆ ಒಯ್ಯಬೇಕು. ಶಿಪಾಯಿ ಕಾಕಾ ಅವರ ಕೋಣೆಯಲ್ಲಿ ಪರದೆಯಿಲ್ಲದ ಹಳೆಯ ಗಣಕವೊಂದನ್ನಿಟ್ಟು, ಗುರುಗಳು ರಾತ್ರಿ ಮನೆಯಿಂದ ಅಂಕಿ ಕಳಿಸಿದಾಗ ಅದು ಸದ್ದು ಮಾಡಿ ಎಬ್ಬಿಸಬೇಕೆಂದು ಯೋಚಿಸಿದೆವು. ಅದರಲ್ಲಿ ಲಿನಕ್ಸ್ ಇತ್ತು, ಆದರೆ ಕಿಡಕಿ ತೆರೆಯುವ ವ್ಯವಸ್ಥೆ ಹಾಕಿರಲಿಲ್ಲ. ನಮ್ಮ ಪ್ರೋಗ್ರಾಮ್ ಶುರುವಾದೊಡನೆ ಪರದೆಯನ್ನು ಹುಡುಕಿತು, ಸಿಗಲಿಲ್ಲ, ನಿಂತುಬಿಟ್ಟಿತು. ಲೆಕ್ಕ ಹಾಕಲು ಪರದೆ ಬೇಡ. ಸದ್ದು ಮಾಡಲೂ ಪರದೆ ಬೇಡ. ಆದರೂ ಲೆಕ್ಕವೆಲ್ಲ ಗುಂಡಿಯೊಳಗೆ ಸಿಕ್ಕಿಕೊಂಡಿತ್ತು. ಗುರುಗಳು ನೋಡಿ ನಕ್ಕು, "ಅಲ್ರೋ ಹುಡುಗುರಾ, ಹೊಳಿ ನಿಮ್ಮ ಕಿಡಕಿ ತೆಗೆಯೂತನಕಾ ಕಾಯತೈತೇನ್ರೋ?" ಎಂದರು.

ಆಮೇಲೆ ಅದನ್ನು ಎರಡು ಭಾಗ ಮಾಡಿದೆವು. ಮೊದಲ ಭಾಗಕ್ಕೆ ಅಡಿ, ಇಂಚು ಕೊಟ್ಟರೆ ಅದು ಎಲ್ಲವನ್ನೂ ಇಂಚು ಮಾಡಿ ಉತ್ತರ ಕೊಡುತ್ತದೆ. 39 ಅಡಿ ಎಂದರೆ 468 ಇಂಚು, 43 ಅಡಿ ಎಂದರೆ 516 ಇಂಚು. 42 ಅಡಿ 9 ಇಂಚು ಕೊಟ್ಟರೆ 513 ಬರುತ್ತದೆ, ಅಂದರೆ ಅಪಾಯಕ್ಕೆ ಇನ್ನು 3 ಇಂಚು. ಇದನ್ನು ಕಿಡಕಿಯಿಲ್ಲದೆಯೇ ಪರೀಕ್ಷಿಸಬಹುದು. ಎರಡನೆಯ ಭಾಗವು ಕಿಡಕಿಯನ್ನು ತೆರೆದು ಅಂಕಿಯನ್ನು ಕೇಳಿ, ಮೊದಲನೆಯದಕ್ಕೆ ಕೊಟ್ಟು, ಬಂದ ಉತ್ತರಕ್ಕೆ ಬಣ್ಣ ಹಚ್ಚುತ್ತದೆ, ಅಷ್ಟೆ. ಪರದೆಯಿಲ್ಲದ ಗಣಕದಲ್ಲಿ ಮೊದಲ ಭಾಗವನ್ನು ಮಾತ್ರ ಇಟ್ಟೆವು. ಅದು ಕೆಲಸ ಮಾಡಿತು.

ಈ ಅನುಭವದಿಂದ ಎರಡು ಬಗೆಯ ಲೈಬ್ರರಿಗಳ ಭೇದಗಳು ಮೂರೆಂದು ತಿಳಿದವು.

ಮೊದಲನೆಯದು, ಪರದೆಯ ಅವಶ್ಯಕತೆ. ಯುಟಿಲಿಟಿ ಲೈಬ್ರರಿಗೆ ನೋಡುವವರು ಬೇಡ. ವಿಂಡೋಯಿಂಗ್ ಲೈಬ್ರರಿಗೆ ಪರದೆ ಮತ್ತು ಅದನ್ನು ಆಳುವ ವ್ಯವಸ್ಥೆ ಬೇಕೇ ಬೇಕು.

ಎರಡನೆಯದು, ಯಾರು ಯಾರನ್ನು ಕರೆಯುತ್ತಾರೆ ಎಂಬುದು. ಯುಟಿಲಿಟಿ ಲೈಬ್ರರಿಯನ್ನು ಸಾಮಾನ್ಯವಾಗಿ ನಾವು ಕರೆಯುತ್ತೇವೆ. ಅದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಕಿಡಕಿಯದು ಇದಕ್ಕೆ ವಿರುದ್ಧ. ಬಳಸುವವರು ಯಾವಾಗ ಗುಂಡಿ ಒತ್ತುತ್ತಾರೆಂದು ನಮಗೆ ತಿಳಿಯದು. ಆದ್ದರಿಂದ "ಗುಂಡಿ ಒತ್ತಿದಾಗ ಈ ಕೆಲಸ ಮಾಡು" ಎಂದು ಮೊದಲೇ ಹೇಳಿಟ್ಟು ಪ್ರೋಗ್ರಾಮಿನ ಲಗಾಮನ್ನು ಅದರ ಕೈಗೆ ಕೊಡುತ್ತೇವೆ. ಸಮಯ ಬಂದಾಗ ಅದೇ ನಮ್ಮನ್ನು ಕರೆಯುತ್ತದೆ.

ಮೂರನೆಯದು, ಬಾಳಿಕೆ. ಇದಕ್ಕೆ ದೊಡ್ಡ ಪ್ರಪಂಚದ ಉದಾಹರಣೆಯನ್ನೇ ಕೊಡಬಹುದು. ಅಮೇರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಅವರು ಚಿತ್ರಗಳನ್ನು ತಿದ್ದುವ ಗಿಂಪ್ ಎಂಬ ಪ್ರೋಗ್ರಾಮನ್ನು ರಚಿಸಿದರು. ಅದರ ಗುಂಡಿ, ಪಟ್ಟಿಗಳಿಗಾಗಿ ಮಾಡಿದ ಲೈಬ್ರರಿಗೆ ಜಿಟಿಕೆ ಎಂದು ಹೆಸರಾಯಿತು. ಅದರೊಳಗಿದ್ದ ಸಾಧನಗಳು ಕಿಡಕಿಯಿಲ್ಲದ ಪ್ರೋಗ್ರಾಮುಗಳಿಗೂ ಬೇಕೆಂದು ಅವನ್ನು ಬೇರ್ಪಡಿಸಿ ಜಿಲಿಬ್ ಎಂಬ ಯುಟಿಲಿಟಿ ಲೈಬ್ರರಿ ಮಾಡಿದರು. ಕಿಡಕಿಯನ್ನು ಆಯಾ ಗೋಡೆಗೆ ಕೂಡಿಸುವ ಕೆಲಸ ಜಿಡಿಕೆ ಎಂಬುದರ ಪಾಲಿಗೆ ಬಂದಿತು. ಜಿಟಿಕೆಯ ಎರಡನೆಯ ಆವೃತ್ತಿ 2002ರಲ್ಲಿ, ಮೂರನೆಯದು 2011ರಲ್ಲಿ, ನಾಲ್ಕನೆಯದು 2020ರಲ್ಲಿ ಬಂದಿತು. ಪ್ರತಿಯೊಂದು ಸಲವೂ ಹಳೆಯ ಪ್ರೋಗ್ರಾಮುಗಳ ಕಿಡಕಿಯ ಭಾಗವನ್ನು ತಿದ್ದಬೇಕಾಯಿತು. ಜಿಲಿಬ್ ಮಾತ್ರ 2002ರಿಂದ ಎರಡನೆಯ ಆವೃತ್ತಿಯಲ್ಲಿಯೇ ಬೆಳೆಯುತ್ತ ಬಂದಿದೆ. ಗೋಡೆಗಳು ಬದಲಾದರೂ ಸುತ್ತಿಗೆ ಬದಲಾಗಲಿಲ್ಲ.

ಆದರೆ ಎರಡರ ನಡುವೆ ಕಲ್ಲುಗೋಡೆ ಇದೆ ಎಂದು ತಿಳಿಯಬಾರದು. ಏನಾದರೂ ಆಗುವುದನ್ನು ಕಾಯುತ್ತಿರುವ ಕಾವಲಿನ ಕೆಲಸ ಕಿಡಕಿಗೆ ಸೇರಿದ್ದೆಂದು ತೋರುತ್ತದೆ. ಆದರೆ ಅದು ಇರುವುದು ಜಿಲಿಬ್‌ನಲ್ಲಿ. ಏಕೆಂದರೆ ಕಿಡಕಿಯಿಲ್ಲದ ಪ್ರೋಗ್ರಾಮೂ ದೂರದಿಂದ ಬರುವ ಸಂದೇಶಕ್ಕಾಗಿ ಕಾಯಬೇಕಾಗುತ್ತದೆ. ನಮ್ಮ ಶಿಪಾಯಿ ಕಾಕಾ ಅವರ ಕೋಣೆಯ ಗಣಕವೂ ಹಾಗೆಯೇ ಕಾಯುತ್ತಿತ್ತಲ್ಲವೆ?

ನಮ್ಮ ಕನ್ನಡದ ಮಾತಿಗೂ ಇದು ಸಂಬಂಧಿಸಿದೆ. "ಕುರುಂದವಾಡ" ಎಂಬ ಶಬ್ದವನ್ನು ತೆಗೆದುಕೊಳ್ಳಿರಿ. ಓದುವಾಗ ಕು, ರುಂ, ದ, ವಾ, ಡ ಎಂದು 5 ಅಕ್ಷರಗಳು. ಯುನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಸೊನ್ನೆಗಳಿಗೆ ಬೇರೆ ಬೇರೆ ಸಂಕೇತಗಳಿರುವುದರಿಂದ 9 ಸಂಕೇತಗಳು. ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟು ಬೇಕಾಗಿ ಒಟ್ಟು 27 ಬೈಟುಗಳು. ಇದನ್ನು ಎಣಿಸುವುದು ಸಾಧನಗಳ ಕೆಲಸ. ಸ್ವರಚಿಹ್ನೆ, ಒತ್ತಕ್ಷರಗಳನ್ನು ತಕ್ಕ ಜಾಗದಲ್ಲಿ ಕೂಡಿಸುವ ಪ್ಯಾಂಗೋ, ಹಾರ್ಫ್‌ಬಜ್ ಎಂಬ ಲೈಬ್ರರಿಗಳು ನಡುವೆ ನಿಂತಿವೆ. ಅವು ತಾವಾಗಿ ಕಿಡಕಿ ತೆರೆಯುವುದಿಲ್ಲ. ಅವು ಜೋಡಿಸಿದ ಅಕ್ಷರ ಪರದೆಗೂ ಬರುತ್ತದೆ, ಅಚ್ಚಿಗೂ ಬರುತ್ತದೆ.

ಹಿಂದೆ ಕನ್ನಡವನ್ನು ಹೀಗೆ ಇಡುತ್ತಿರಲಿಲ್ಲ. ಆಯಾ ಫಾಂಟಿನಲ್ಲಿ ಅಕ್ಷರದ ತುಣುಕು ಯಾವ ಮನೆಯಲ್ಲಿದೆಯೋ ಆ ಸಂಖ್ಯೆಯನ್ನೇ ಕಡತದಲ್ಲಿ ಬರೆಯುತ್ತಿದ್ದರು. ಫಾಂಟು ಇಲ್ಲದ ಗಣಕದಲ್ಲಿ ಆ ಕಡತವನ್ನು ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಮಾತು ತನ್ನ ರೂಪಕ್ಕೆ ಕಟ್ಟುಬಿದ್ದಿತ್ತು, ನಮ್ಮ ಲೆಕ್ಕವು ಗುಂಡಿಗೆ ಕಟ್ಟುಬಿದ್ದಂತೆಯೇ. 1991ರಲ್ಲಿ ಹೊರಬಂದ ಯುನಿಕೋಡ್ ಪದ್ಧತಿಯು ಕನ್ನಡಕ್ಕೂ ಸ್ಥಾನ ಕೊಟ್ಟು ಮಾತನ್ನೂ ರೂಪವನ್ನೂ ಬೇರ್ಪಡಿಸಿತು.

ಕಿಡಕಿ ಬೇಡವೆಂದು ನಾವು ಹೇಳುವುದಿಲ್ಲ. ಅದಿಲ್ಲದಿದ್ದರೆ ಸಾಮಾನ್ಯ ಜನರು ಗಣಕವನ್ನು ಬಳಸುವುದೇ ಕಷ್ಟ. ಆದರೆ ಮನೆಯ ಭಾರವನ್ನು ಕಿಡಕಿಯ ಮೇಲೆ ಹೊರಿಸಬಾರದು. ಪ್ರೋಗ್ರಾಮ್ ಬರೆಯುವ ಗೆಳೆಯರು ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಲಿ: ಪರದೆ ಇಲ್ಲದಿದ್ದರೆ ಈ ಕೆಲಸ ನಡೆಯಬೇಕೇ? ನಡೆಯಬೇಕೆಂದಾದರೆ ಅದರ ಜಾಗ ಚೀಲದಲ್ಲಿ, ಕಿಡಕಿಯಲ್ಲಲ್ಲ.

ಪೂರದ ಸೂಚನೆಯನ್ನು ಸರಕಾರದ ಅಧಿಕಾರಿಗಳಿಂದಲೇ ಕೇಳಿ ನಡೆಯಬೇಕು. ನಮ್ಮದು ಕಲಿಯುವವರ ಸಣ್ಣ ಯತ್ನ. ಮುಂದಿನ ವರ್ಷ ಒಂಬತ್ತನೆಯ ಇಯತ್ತೆಯ ತಮ್ಮ-ತಂಗಿಯರು ಇದಕ್ಕೆ ಹೊಸ ಕಿಡಕಿ ಕೂಡಿಸಲಿ. ಅಡಿಯನ್ನು ಇಂಚು ಮಾಡುವ ಆ ಪುಟ್ಟ ಚೀಲವನ್ನು ಅವರ ಕೈಗೆ ಒಪ್ಪಿಸಿ ನಾವು ಶಾಲೆಯಿಂದ ಬೀಳ್ಕೊಳ್ಳುತ್ತೇವೆ.