ಲೇತಿಲ್ಲದೆ ಮೋಟಾದ ಫಿರಂಗಿ

ದಾವಣಗೆರೆಗೆ ಸುಮಾರು 14 ಕಿಲೋಮೀಟರ್ ದೂರದಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪಿತವಾಯಿತು. ಅದು ತಯಾರಿಸಿದುದು ಲೇತು, ಎಂದರೆ ತಿರುಗುವ ಲೋಹವನ್ನು ಕಡೆದು ರೂಪಿಸುವ ಯಂತ್ರ. ಆ ಯುದ್ಧಕಾಲದಲ್ಲಿ ಲೇತಿಗೆ ಎಂಥ ಬರವಿತ್ತೆಂಬುದನ್ನು ಬ್ರಿಟಿಷರ ಒಂದು ಫಿರಂಗಿಯಿಂದ ತಿಳಿಯಬಹುದು.

ಟ್ಯಾಂಕಿನ ಉಕ್ಕಿನ ಕವಚವನ್ನು ಭೇದಿಸಲು ಗುಂಡಿಗೆ ವೇಗ ಬೇಕು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದೆಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವೆ. ನಳಿಗೆ ಉದ್ದವಾದಷ್ಟೂ ಸಿಡಿಮದ್ದಿನ ಅನಿಲವು ಗುಂಡನ್ನು ಹೆಚ್ಚು ದೂರ ನೂಕುತ್ತ ಹೋಗುವುದು. ಆದುದರಿಂದ 57 ಮಿಲಿಮೀಟರ್ ವ್ಯಾಸದ 6 ಪೌಂಡರ್ ಫಿರಂಗಿಗೆ ವ್ಯಾಸದ 50ರಷ್ಟು ಉದ್ದದ ನಳಿಗೆಯನ್ನು ಯೋಜಿಸಿದ್ದರು. ಆದರೆ ಅಷ್ಟುದ್ದದ ನಳಿಗೆಗೆ ತಕ್ಕ ಲೇತುಗಳು ಸಾಲಲಿಲ್ಲ! ಉದ್ದವನ್ನು 43ಕ್ಕೆ ಇಳಿಸಿ, ಸುಮಾರು 40 ಸೆಂಟಿಮೀಟರ್ ಮೊಟಕಾದ ನಳಿಗೆಯನ್ನೇ ಮೊದಲು ತಯಾರಿಸಿದರು.

ಅದೂ ರಣರಂಗವನ್ನು ಮುಟ್ಟಿದ್ದು 1942ರಲ್ಲಿ. 1940ರಲ್ಲಿ ಫ್ರಾನ್ಸಿನಲ್ಲಿ ನೂರಾರು ಫಿರಂಗಿಗಳನ್ನು ಕಳೆದುಕೊಂಡ ಬ್ರಿಟನ್, ಕಾರ್ಖಾನೆಗಳನ್ನು ಹೊಸ ಮಾದರಿಗೆ ಹೊಂದಿಸುವವರೆಗೆ ಕಾಯಲಾರದೆ, ದುರ್ಬಲವಾದ 2 ಪೌಂಡರನ್ನೇ ತಯಾರಿಸುತ್ತಿತ್ತು. ಹೀಗಾಗಿ ಆಫ್ರಿಕದ ಮರುಭೂಮಿಯಲ್ಲಿ, ದೂರದ ಗುರಿಗೆಂದು ಮಾಡಿದ 25 ಪೌಂಡರುಗಳೇ ಟ್ಯಾಂಕುಗಳನ್ನು ಎದುರಿಸಬೇಕಾಯಿತು. ಅವುಗಳ ಗುಂಡು 12 ಕಿಲೋಮೀಟರಿಗೂ ಮಿಕ್ಕು ಹಾರುತ್ತಿತ್ತು. ದಾವಣಗೆರೆಯಲ್ಲಿ ಹಾರಿಸಿದರೆ ಹರಿಹರದ ಸಮೀಪಕ್ಕೆ! ಆದರೆ ಟ್ಯಾಂಕು ಕೆಲವು ನೂರು ಗಜದಷ್ಟು ಹತ್ತಿರ ಬರುವವರೆಗೂ ಗೋಲಂದಾಜರು ಕಾದಿರಬೇಕಿತ್ತು. ಅನೇಕರು ತಮ್ಮ ಫಿರಂಗಿಗಳ ಬಳಿಯಲ್ಲಿಯೇ ಮಡಿದರು.