ವೈಫೈ ಪ್ರಿಂಟರ್: ಜೋಡಣೆ ಮತ್ತು ಜಾಗ್ರತೆ

ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವಿರುವ ಕೋಲ್ಕತ್ತಾದ ಜೋಕಾದಂತಹ ಕಡೆ, ಒಂದೇ ಮನೆಯನ್ನು ಹಂಚಿಕೊಂಡು ಓದುವವರಿಗೆಲ್ಲ ಒಂದು ವೈಫೈ ಪ್ರಿಂಟರ್ ಸಾಕಾಗುತ್ತದೆ. ಅನೇಕ ಪ್ರಿಂಟರ್‌ಗಳು ರೂಟರಿನ 2.4 ಗಿಗಾಹರ್ಟ್ಸ್ ತರಂಗವನ್ನಷ್ಟೇ ಗ್ರಹಿಸುವುದರಿಂದ, ವೈಫೈ ಹೆಸರು ಪ್ರಿಂಟರಿನ ಪರದೆಯಲ್ಲಿ ಕಾಣದಿದ್ದರೆ ಮೊದಲು ಆ ತರಂಗ ಚಾಲೂ ಇದೆಯೇ ಎಂದು ನೋಡಬೇಕು. ಜೋಡಣೆಯಾದ ಮೇಲೆ, ಜಾಲದಲ್ಲಿ ಯಂತ್ರವನ್ನು ಗುರುತಿಸುವ ಅಂಕಿಗಳ ವಿಳಾಸವನ್ನು, ಅಂದರೆ ಐಪಿ ವಿಳಾಸವನ್ನು, ರೂಟರಿನಲ್ಲಿ ಅದಕ್ಕೆಂದೇ ಕಾಯ್ದಿರಿಸಿದರೆ, ರೂಟರನ್ನು ಆರಿಸಿ ಹಾಕಿದಾಗ ವಿಳಾಸ ಬದಲಾಗಿ ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸುವ ಕಿರಿಕಿರಿ ಬಹುಮಟ್ಟಿಗೆ ತಪ್ಪುತ್ತದೆ.

ಸುರಕ್ಷತೆಯ ವಿಷಯ ಇದಕ್ಕಿಂತ ಗಂಭೀರವಾದುದು. 2018ರಲ್ಲಿ, ಮುದ್ರಣದ ಆದೇಶ ಸ್ವೀಕರಿಸುವ 9100 ಸಂಖ್ಯೆಯ ದ್ವಾರವನ್ನು ಅಂತರಜಾಲಕ್ಕೆ ತೆರೆದಿಟ್ಟಿದ್ದ ಸಾವಿರಾರು ಪ್ರಿಂಟರ್‌ಗಳು, ಯಾರೋ ದೂರದಿಂದ ಕಳುಹಿಸಿದ ಒಬ್ಬ ಯೂಟ್ಯೂಬರನ ಪ್ರಚಾರಪತ್ರವನ್ನು ತಾವಾಗಿಯೇ ಮುದ್ರಿಸಿದವು. ಆದ್ದರಿಂದ ಆ ದ್ವಾರವನ್ನು ರೂಟರಿನಲ್ಲಿ ಹೊರಗಿನವರಿಗೆ ಎಂದೂ ತೆರೆಯಬಾರದು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಯಂತ್ರದ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಆಗಾಗ ನವೀಕರಿಸಬೇಕು. ಓದು ಮುಗಿಸಿ ಊರಿಗೆ ಹೊರಡುವವರು ಪ್ರಿಂಟರನ್ನು ಮಾರುವ ಮುನ್ನ ‘ಫ್ಯಾಕ್ಟರಿ ರೀಸೆಟ್’ ಮಾಡುವುದು ಕಡ್ಡಾಯ, ಏಕೆಂದರೆ ಅದರ ನೆನಪಿನಲ್ಲಿ ಮನೆಯ ವೈಫೈ ಪಾಸ್‌ವರ್ಡ್ ಉಳಿದಿರುತ್ತದೆ.